ಬಾಣಂತಿಯ ಕೂದಲು ಮತ್ತು ಪೆಪ್ಟೈಡ್ ಸೀರಮ್

ಹೆರಿಗೆಯಾಗಿ ನಾಲ್ಕು ತಿಂಗಳಾದ ತಾಯಿಯೊಬ್ಬರು ಮೊನ್ನೆ ನನ್ನ ಕ್ಲಿನಿಕ್‌ಗೆ ಬಂದಿದ್ದರು. ಬಾಚಣಿಗೆ ತುಂಬ ಕೂದಲು ಬರುತ್ತದೆಂದು ಕಣ್ಣೀರು ಹಾಕಿದರು. ಚೀಲದಿಂದ ಪುಟ್ಟ ಬಾಟಲಿ ತೆಗೆದು, "ಡಾಕ್ಟ್ರೇ, ಇದರಲ್ಲಿ ಪೆಪ್ಟೈಡ್ ಇದೆಯಂತೆ, ಹಚ್ಚಬಹುದಾ?" ಎಂದರು. ಮಗುವಿನ ಖರ್ಚಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಕೊಂಡದ್ದು. ಇಂತಹ ಬಾಟಲಿ ನಿಮ್ಮ ಮನೆಗೂ ಬಂದಿರಬಹುದು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಗಿಡ್ಡ ಸರಪಳಿ. ಸರಪಳಿ ಉದ್ದವಾದರೆ ಅದೇ ಪ್ರೋಟೀನ್. ಕೂದಲಿನ ಸೀರಮ್‌ಗಳಲ್ಲಿ ಹೆಚ್ಚು ಹೆಸರು ಕೇಳಿಬರುವುದು ತಾಮ್ರ ಸೇರಿದ ಜಿ.ಎಚ್.ಕೆ. ಪೆಪ್ಟೈಡ್. ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಜಿ.ಎಚ್.ಕೆ.ಯನ್ನು 1973ರಲ್ಲಿ ಗುರುತಿಸಿದವರು ಲೋರೆನ್ ಪಿಕಾರ್ಟ್. ಅದರ ಹತ್ತಿರದ ನೆಂಟನಾದ ಎ.ಎಚ್.ಕೆ. ತಾಮ್ರ ಪೆಪ್ಟೈಡನ್ನು ಕೊರಿಯಾದ ಸಂಶೋಧಕರು, ದೇಹದಿಂದ ಹೊರತೆಗೆದ ಕೂದಲಿನ ಬುಡಗಳ ಮೇಲೆ ಪರೀಕ್ಷಿಸಿ, ಅವು ಉದ್ದವಾದದ್ದನ್ನು 2007ರಲ್ಲಿ ವರದಿ ಮಾಡಿದರು. ಒಳ್ಳೆಯ ಸುದ್ದಿಯೇ. ಆದರೆ ಅದು ಪ್ರಯೋಗಾಲಯದ ತಟ್ಟೆಯಲ್ಲಿ ನಡೆದದ್ದು. ತಲೆಗೆ ಹಚ್ಚಿದ್ದು ಚರ್ಮ ದಾಟಿ, ಕೆಡದೆ, ಸಾಕಷ್ಟು ಪ್ರಮಾಣದಲ್ಲಿ ಬುಡ ಮುಟ್ಟಬೇಕಲ್ಲ?

ಮನುಷ್ಯರ ಮೇಲೂ ಪ್ರಯೋಗ ಆಗಿದೆ. 2016ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನದಲ್ಲಿ 45 ಗಂಡಸರು ಆರು ತಿಂಗಳು ಭಾಗವಹಿಸಿದ್ದರು. ಕೂದಲಿನ ಸಂಖ್ಯೆ ಹೆಚ್ಚಿತು. ಆದರೆ ಅಲ್ಲಿ ಜಿ.ಎಚ್.ಕೆ. ಒಂದೇ ಇರಲಿಲ್ಲ, ಇನ್ನೊಂದು ವಸ್ತುವಿನೊಂದಿಗೆ ಬೆರೆಸಿದ್ದರು. ಅವರಿಗಿದ್ದದ್ದು ಗಂಡಸರ ಬೋಳುತಲೆಯ ಸಮಸ್ಯೆ. ಬಾಣಂತಿಯ ಕೂದಲಿಗೆ ಅದು ಪುರಾವೆಯಾಗುವುದು ಹೇಗೆ? ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿದ ಮಿನಾಕ್ಸಿಡಿಲ್ ದೊಡ್ಡ ಪ್ರಯೋಗಗಳನ್ನು ದಾಟಿ 1988ರಲ್ಲಿ ಅಮೆರಿಕದಲ್ಲಿ ಕೂದಲಿನ ಔಷಧಿಯೆಂದು ಒಪ್ಪಿಗೆ ಪಡೆಯಿತು. ಪೆಪ್ಟೈಡ್‌ಗಳು ಇನ್ನೂ ಆ ಮೆಟ್ಟಿಲು ಹತ್ತಿಲ್ಲ. (ಹಾಲುಣಿಸುವವರು ಮಿನಾಕ್ಸಿಡಿಲನ್ನೂ ವೈದ್ಯರನ್ನು ಕೇಳದೆ ಹಚ್ಚಬಾರದು.)

ನನ್ನ ಆಕ್ಷೇಪ ಬೇರೆಯೂ ಇದೆ. ಗರ್ಭಿಣಿಯಾಗಿದ್ದಾಗ ಉದುರದೆ ಉಳಿದ ಕೂದಲು ಹೆರಿಗೆಯಾದ ಎರಡು–ನಾಲ್ಕು ತಿಂಗಳಿಗೆ ಒಟ್ಟಿಗೇ ಉದುರತೊಡಗುತ್ತದೆ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವರಿಗೆ ತಾನಾಗಿಯೇ ಮತ್ತೆ ತುಂಬಿಕೊಳ್ಳುತ್ತದೆ. ಈ ನಡುವೆ ಏನು ಹಚ್ಚಿದರೂ ಕೀರ್ತಿ ಅದಕ್ಕೇ! ಅಜ್ಜಿಯ ಕೋಳಿ ಕೂಗಿ ಬೆಳಗಾದ ಹಾಗೆ.

"ನಿಮ್ಮ ಯುನಾನಿ ಎಣ್ಣೆಗೆ ಪುರಾವೆ ಇದೆಯೇ?" ಎಂದು ನೀವು ಕೇಳಬಹುದು. ಕೇಳಲೇಬೇಕು. ರೋಗನ್ ಆಮ್ಲಾವನ್ನು ನಾನೂ ಕೊಡುತ್ತೇನೆ, ಒಣಗಿದ ನೆತ್ತಿಗೆ ಹಿತವೆಂದು. ಬೋಳಾದಲ್ಲಿ ಕೂದಲು ಬರುತ್ತದೆಂದು ಹೇಳಿ ಕೊಡುವುದಿಲ್ಲ.

ಆ ತಾಯಿಯ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಕಡಿಮೆ ಇತ್ತು. ಹೆರಿಗೆಯ ನಂತರ 180 ದಿನ ನುಂಗಬೇಕಾದ ಕಬ್ಬಿಣದ ಮಾತ್ರೆಯನ್ನು, ಮಲಬದ್ಧತೆ ಆಗುತ್ತದೆಂದು ಎರಡನೇ ವಾರಕ್ಕೇ ಬಿಟ್ಟಿದ್ದರು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ. ನೆತ್ತಿಯಲ್ಲಿ ದುಂಡಗೆ ಬೋಳಾಗಿದ್ದರೆ ಅಥವಾ ವರ್ಷ ಕಳೆದರೂ ಉದುರುತ್ತಿದ್ದರೆ ಥೈರಾಯ್ಡ್ ಸಹಿತ ಪರೀಕ್ಷೆ ಬೇಕಾಗುತ್ತದೆ. ಇವರಿಗೆ ಅದಾವುದೂ ಇರಲಿಲ್ಲ. ಮಾತ್ರೆ ಮತ್ತೆ ಶುರು ಮಾಡಿಸಿ, ಬಾಟಲಿಯ ಸೀಲ್ ಒಡೆದಿಲ್ಲದ್ದನ್ನು ನೋಡಿ, ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೋ ಕೇಳಿ ನೋಡಿ ಎಂದು ಕಳುಹಿಸಿದೆ.