ಮಾರುತ್ತರವಿಲ್ಲದ ಹಾಡುಗಳು

ಇಂದಿನ ಜನಪ್ರಿಯ ಚಿತ್ರಗೀತೆಗಳನ್ನು ಹಳಿಯುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಬ್ಬರ ಹೆಚ್ಚು, ರಾಗ ಕಡಿಮೆ ಎಂದು ಕೆಲವರು; ಕನ್ನಡಕ್ಕಿಂತ ಇಂಗ್ಲಿಷೇ ಮುಂದು ಎಂದು ಕೆಲವರು; ಹೆಂಡದ ಬಾಟಲಿಯೂ ಕಾವ್ಯವಸ್ತುವಾಯಿತಲ್ಲ ಎಂದು ಮತ್ತೆ ಕೆಲವರು. ಈ ದೂರುಗಳಲ್ಲಿ ಒಂದೂ ನನ್ನದಲ್ಲ. ಚೆಂಡೆಯ ಪೆಟ್ಟಿಗೆ ರಾತ್ರಿಯೆಲ್ಲ ಎಚ್ಚರವಿದ್ದ ಕರಾವಳಿಯವರು ಸದ್ದಿನ ಮೇಲೆ ದೂರು ಹೇಳಿದರೆ ಜನ ನಕ್ಕಾರು. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳನ್ನು ಒಂದೇ ಬಸ್ಸಿನಲ್ಲಿ ಕೇಳುವ ನಮಗೆ ಭಾಷೆಯ ಬೆರಕೆಯೂ ಹೊಸದಲ್ಲ. ಕುಡಿತದ ಹಾಡು ಕೇಳಿದವರೆಲ್ಲ ಕುಡಿಯತೊಡಗುತ್ತಾರೆಂದು ನಾನು ನಂಬಿದವರ ಪೈಕಿಯಲ್ಲ.

ನನಗೆ ಸಹಿಸಲಾಗದ ಹಾಡಿನ ಜಾತಿಯೇ ಬೇರೆ. ಅದರಲ್ಲಿ ಗಂಡು ಹೆಣ್ಣನ್ನು ಕುರಿತು ಹಾಡುತ್ತಾನೆ. ಅವಳು ಮುಖ ತಿರುಗಿಸುತ್ತಾಳೆ. ಆ ತಿರಸ್ಕಾರವೇ ಅವನ ಮುಂದಿನ ಚರಣಕ್ಕೆ ಹುರುಪು ಕೊಡುತ್ತದೆ. ಅವನು ದಾರಿಗೆ ಅಡ್ಡ ನಿಲ್ಲುತ್ತಾನೆ, ಬೆನ್ನು ಹತ್ತುತ್ತಾನೆ; ಸಂಗಡಿಗರು ಸುತ್ತ ಕುಣಿಯುತ್ತಾರೆ. ತಾಳ ನಿಲ್ಲುವ ಹೊತ್ತಿಗೆ ಅವಳು ನಕ್ಕಿರುತ್ತಾಳೆ, ಇಲ್ಲವೆ ಸೋತಿರುತ್ತಾಳೆ. ನಾಲ್ಕು ನಿಮಿಷದ ಹಾಡಿನಲ್ಲಿ ಅವಳ ಪಾಲಿಗೆ ಒಂದು ವಾಕ್ಯವೂ ಬರುವುದಿಲ್ಲ. ಇಂಥವನ್ನು ನಾನು ಮಾರುತ್ತರವಿಲ್ಲದ ಹಾಡುಗಳೆಂದು ಕರೆಯುತ್ತೇನೆ. ಇವುಗಳ ಮೇಲೆಯೇ ನನ್ನ ಜಗಳ.

ಹೆಸರು ಹೇಳದೆ ಹಳಿಯುವುದು ಹೇಡಿತನ. 'ಪೊಗರು' ಚಿತ್ರದ 'ಖರಾಬು' ಎಂಬ ಹಾಡು 2020ರಲ್ಲಿ ಬಿಡುಗಡೆಯಾಯಿತು. ನಾಯಕನೂ ಅವನ ಕಡೆಯವರೂ ನಾಯಕಿಯನ್ನು ಸುತ್ತುಗಟ್ಟಿ ಹೆದರಿಸಿ ಕಾಡುವುದೇ ಅದರ ದೃಶ್ಯದ ವಸ್ತು. ಆಕ್ಷೇಪಗಳು ಬಂದವು, ಆಕ್ಷೇಪಿಸಿದವರಿಗೆ ಬೈಗುಳಗಳೂ ಬಂದವು. ಯೂಟ್ಯೂಬಿನಲ್ಲಿ ಅದನ್ನು ನೋಡಿದ ಲೆಕ್ಕ ಹತ್ತು ಕೋಟಿಯನ್ನು ದಾಟಿತು. ಮುಂದಿನದು ಇನ್ನೂ ಸ್ವಾರಸ್ಯ. 2021ರ ಫೆಬ್ರವರಿಯಲ್ಲಿ ಚಿತ್ರ ತೆರೆಕಂಡಾಗ, ಅದರ ಕೆಲವು ದೃಶ್ಯಗಳು ತಮ್ಮ ಸಮುದಾಯಕ್ಕೆ ಅವಮಾನ ಮಾಡಿವೆಯೆಂದು ಬ್ರಾಹ್ಮಣ ಸಂಘಟನೆಗಳು ಪ್ರತಿಭಟಿಸಿದವು. ನಿರ್ದೇಶಕರು ಕ್ಷಮೆ ಕೇಳಿದರು. ದೃಶ್ಯಗಳಿಗೆ ಕತ್ತರಿ ಬಿತ್ತು. ಆ ದೂರು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಾನು ಗಮನಿಸಿದ್ದು ಇಷ್ಟು: ಒಂದು ಸಮುದಾಯದ ಮಾನಕ್ಕೆ ಕತ್ತರಿ ಬೇಗನೆ ಸಿಕ್ಕಿತು, ನಡುಬೀದಿಯಲ್ಲಿ ಕಾಡಿಸಿಕೊಂಡ ಹೆಣ್ಣಿನ ಮಾನಕ್ಕೆ ಸಿಗಲಿಲ್ಲ. ಅವಳಿಗೆ ಸಂಘವಿಲ್ಲ, ಮಂಡಳಿಯಿಲ್ಲ, ಮನವಿ ಕೊಡಲು ಅಧ್ಯಕ್ಷರಿಲ್ಲ.

ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎಂಬ ವಾದವನ್ನು ನನ್ನ ತಲೆಗೆ ಕಟ್ಟಬೇಡಿ. ಸೊಕ್ಕಿನ ಹೆಣ್ಣನ್ನು ಗಂಡು ಪಳಗಿಸುವ ಕಥೆಯನ್ನು 1976ರ 'ಬಹದ್ದೂರ್ ಗಂಡು' ಹೇಳಿತು. 1989ರ 'ನಂಜುಂಡಿ ಕಲ್ಯಾಣ'ವೂ ಹೇಳಿತು. ನಮ್ಮ ತಂದೆ ತಾಯಂದಿರು ಅವನ್ನು ಮನೆಮಂದಿಯೊಡನೆ ಕೂತು ನೋಡಿ ಸಂತೋಷಪಟ್ಟರು. ರೋಗ ಹಳೆಯದು. ಆದರೆ ಆಗ ಹಾಡು ಕೇಳಬೇಕಾದರೆ ಟಾಕೀಸಿಗೆ ಹೋಗಬೇಕಿತ್ತು, ಇಲ್ಲವೆ ರೇಡಿಯೋದ ಹೊತ್ತು ಕಾಯಬೇಕಿತ್ತು. ಈಗ ಅದು ಹತ್ತು ವರ್ಷದ ಹುಡುಗನ ಅಂಗೈಯಲ್ಲಿದೆ. ಅವನು ಬೇಕೆಂದಷ್ಟು ಸಲ ಹಾಡುತ್ತದೆ.

"ಮಾತನ್ನು ಯಾರು ಕೇಳುತ್ತಾರೆ ಸ್ವಾಮಿ? ಕುಣಿಯುವುದಕ್ಕೆ ತಾಳ ಸಿಕ್ಕರೆ ಸಾಕು" ಎಂಬ ಸಮಾಧಾನವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಇದು ಒಪ್ಪತಕ್ಕ ಮಾತಲ್ಲ. ಹತ್ತು ಸಾಲಿನ ಪದ್ಯವನ್ನು ಕಂಠಪಾಠ ಮಾಡಿ ಬನ್ನಿರೆಂದರೆ ತಲೆ ತುರಿಸುವ ಹುಡುಗರು ಈ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಒಪ್ಪಿಸುತ್ತಾರೆ. ಯಾರೂ ಕಲಿಸಲಿಲ್ಲ, ಯಾರೂ ಪರೀಕ್ಷೆ ಮಾಡಲಿಲ್ಲ; ಆದರೂ ಬಂತು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನ ಹಿಂದಿನ ಸೀಟಿನಲ್ಲಿ ಅದು ಗುನುಗುನುವಾಗಿ ಕೇಳುತ್ತದೆ. ಕಾಪುವಿನ ದೀಪಸ್ತಂಭದ ಕೆಳಗೆ ಭಾನುವಾರ ಸಂಜೆ ಸ್ಪೀಕರಿನಲ್ಲಿ ಕೇಳುತ್ತದೆ. ಮಣಿಪಾಲದ ರಸ್ತೆಯಲ್ಲಿ ಕಾರಿನ ಗಾಜು ನಡುಗಿಸಿಕೊಂಡು ಸಾಗುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಆರು ವರ್ಷದ ಹುಡುಗ ಕಾಲರು ಮೇಲೆತ್ತಿ ಆರು ವರ್ಷದ ಹುಡುಗಿಯ ಹಿಂದೆ ಓಡುತ್ತಾನೆ. ತಾಯಂದಿರು ಮೊಬೈಲು ಹಿಡಿದು ಚಿತ್ರ ತೆಗೆಯುತ್ತಾರೆ. ಕೇಳದೆ ಬಂದ ಮಾತೇ ಆಳಕ್ಕಿಳಿಯುತ್ತದೆ. ಕೇಳಿ ಬಂದ ಮಾತನ್ನಾದರೂ ನಾವು ಪ್ರಶ್ನಿಸುತ್ತೇವೆ.

ಕಳೆದ ವರ್ಷ ನನ್ನ ಎರಡನೆಯ ಬಿ.ಎ. ತರಗತಿಗೆ ಒಂದು ಅಭ್ಯಾಸ ಕೊಟ್ಟೆ. ಇಂಥ ಹಾಡೊಂದನ್ನು ನೀವೇ ಆರಿಸಿ, ಅದರಲ್ಲಿರುವ ಹುಡುಗಿ ಬಾಯಿ ಬಿಟ್ಟರೆ ಏನೆಂದಾಳೆಂಬುದನ್ನು ಅರ್ಧ ಪುಟದಲ್ಲಿ ಬರೆಯಿರಿ ಎಂದೆ. ಹುಡುಗರು ನಕ್ಕರು, ಕೆಲವರು ಚೆನ್ನಾಗಿಯೇ ಬರೆದರು. ಹುಡುಗಿಯೊಬ್ಬಳ ಉತ್ತರ ಆರೇಳು ವಾಕ್ಯಗಳದ್ದು. ಅದರ ಸಾರಾಂಶ ಹೀಗಿತ್ತು: ಇವನಿಗೆ ನನ್ನ ಹೆಸರು ಗೊತ್ತಿಲ್ಲ. ಇವನು ದಿನವೂ ಕಾಯುತ್ತಾನೆಂದು ನಾನು ಬಸ್ಸು ಬದಲಾಯಿಸಿದ್ದೇನೆ. ಈಗಿನ ಬಸ್ಸು ಅರ್ಧ ಗಂಟೆ ತಡ. ಲೈಬ್ರರಿಯಲ್ಲಿ ಓದುತ್ತೇನೆಂದು ಅಮ್ಮನಿಗೆ ಸುಳ್ಳು ಹೇಳಿದ್ದೇನೆ. ನಿಜ ಹೇಳಿದರೆ ಕಾಲೇಜು ಬಿಡಿಸುತ್ತಾರೆ. ಇವನ ಹಾಡು ಮುಗಿದ ಮೇಲೆ ನಾನು ಇಳಿಯುತ್ತೇನೆ.

ಇದರಲ್ಲಿ ಎಷ್ಟು ಕಲ್ಪನೆ, ಎಷ್ಟು ಅನುಭವ ಎಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಆದರೆ ಹಾಡು ಮುಚ್ಚಿಟ್ಟದ್ದನ್ನು ಆ ಆರೇಳು ವಾಕ್ಯಗಳು ತೆರೆದಿಟ್ಟವು. ಅವನ ನಾಲ್ಕು ನಿಮಿಷದ ಮೋಜಿಗೆ ಅವಳು ತೆರುವ ಬೆಲೆ ದಿನಕ್ಕೆ ಅರ್ಧ ಗಂಟೆ, ಮನೆಯಲ್ಲೊಂದು ಸುಳ್ಳು, ವಿದ್ಯೆಯೇ ನಿಂತುಹೋದೀತೆಂಬ ಭಯ. ಯಾವ ಚಿತ್ರಕವಿಯೂ ಈ ಲೆಕ್ಕವನ್ನು ಬರೆಯಲಿಲ್ಲ.

"ಹಾಗಾದರೆ ನಿಮಗೆ ಶೃಂಗಾರವೇ ಆಗದು" ಎನ್ನುವವರಿದ್ದಾರೆ. ಅವರಿಗೆ ನನ್ನ ಉತ್ತರ ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿದೆ. 1870ರಲ್ಲಿ ಅಲ್ಲಿ ಹುಟ್ಟಿ, ಉಡುಪಿಯಲ್ಲಿ ಉಪಾಧ್ಯಾಯನಾಗಿದ್ದು, 1901ರಲ್ಲಿ ಮೂವತ್ತೊಂದರ ಪ್ರಾಯದಲ್ಲೇ ತೀರಿಕೊಂಡ ಲಕ್ಷ್ಮೀನಾರಣಪ್ಪ ಎಂಬ ಬಡ ಮೇಷ್ಟ್ರನ್ನು ಕನ್ನಡ ನಾಡು ಮುದ್ದಣನೆಂದು ಬಲ್ಲದು. ಅವನ 'ಶ್ರೀರಾಮಾಶ್ವಮೇಧ'ದಲ್ಲಿ ರಾಮನ ಕಥೆಗಿಂತ ಮುದ್ದಣ ಮನೋರಮೆಯರ ಸಲ್ಲಾಪವೇ ಜನರ ನೆನಪಿನಲ್ಲಿ ಹೆಚ್ಚಾಗಿ ಉಳಿದಿದೆ. ಏತಕ್ಕೆ? ಮನೋರಮೆ ಬಾಯುಳ್ಳ ಹೆಣ್ಣು. ಗಂಡ ಸೂಚಿಸಿದ ಕಥೆಗಳನ್ನು ಬೇಡವೆನ್ನುತ್ತಾಳೆ, ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ, ಸಂಸ್ಕೃತ ಹೆಚ್ಚಾಯಿತೆಂದು ನಡುವೆ ತಡೆಯುತ್ತಾಳೆ, ಹಾಸ್ಯ ಮಾಡುತ್ತಾಳೆ. ಅವಳು ತಡೆದಷ್ಟೂ ಅವನ ಕಥೆ ಕಳೆಗಟ್ಟುತ್ತದೆ. ಅವಳ ಮಾತನ್ನೆಲ್ಲ ತೆಗೆದುಹಾಕಿ ಓದಿ ನೋಡಿ, ಸರಸ ಎಲ್ಲಿ ಉಳಿಯಿತು?

ಅದೇ ನಂದಳಿಕೆಯಲ್ಲಿ ಸಿರಿಜಾತ್ರೆ ನಡೆಯುತ್ತದೆ. ಸಿರಿಯ ಕಥೆಯನ್ನು ಪಾಡ್ದನಗಳಲ್ಲಿ ತುಳುನಾಡಿನ ಹೆಂಗಸರು ತಲೆಮಾರುಗಳಿಂದ ಹಾಡಿದ್ದಾರೆ. ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರ ಬಾಯಿಂದ ಅದನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಡಗೂಡಿ 1990ರಲ್ಲಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳ ಮಹಾಕಾವ್ಯವಾಗಿ ನಿಂತಿತು. ಅದರ ಕೇಂದ್ರದಲ್ಲಿರುವುದು ಹೆಣ್ಣೊಬ್ಬಳ ನಿರಾಕರಣೆ. ಗಂಡ ಕಾಂತು ಪೂಂಜ ಬಸುರಿಯ ಬಯಕೆಗೆಂದು ತಂದ ಸೀರೆಯನ್ನು ಅವನ ಸೂಳೆ ಮೊದಲೇ ಉಟ್ಟಿದ್ದಳೆಂದು ಅರಿತ ಸಿರಿ ಅದನ್ನು ಬೇಡವೆನ್ನುತ್ತಾಳೆ. ಮುಂದೆ ಅವನಿಗೆ ತಾನಾಗಿಯೇ ವಿಚ್ಛೇದನ ಕೊಡುತ್ತಾಳೆ. ಇಷ್ಟು ಹೇಳಿದ ಹೆಣ್ಣನ್ನು ಯಾವ ನಾಯಕನೂ ಪಳಗಿಸಲಿಲ್ಲ. ನಮ್ಮ ಜನ ಅವಳನ್ನು ದೈವವೆಂದು ನಂಬಿ ಕೈಮುಗಿದರು. ಇದೂ ಜನಪ್ರಿಯ ಹಾಡೇ. ಅಕ್ಷರ ಬಾರದವರು ಸಿರಿಯ 'ಬೇಡ'ವನ್ನು ಕಾಪಾಡಿ ನಮ್ಮ ಕೈಗಿತ್ತರು. ಪದವೀಧರರಾದ ನಾವು ನಮ್ಮ ಮಕ್ಕಳಿಗೆ ಯಾವ ಹಾಡನ್ನು ದಾಟಿಸುತ್ತಿದ್ದೇವೆ?

ಇದು ಬರಿಯ ಅಭಿರುಚಿಯ ಪ್ರಶ್ನೆಯೂ ಅಲ್ಲ. ಹೆಣ್ಣು ಸ್ಪಷ್ಟವಾಗಿ ಒಲ್ಲೆನೆಂದ ಮೇಲೂ ಮತ್ತೆ ಮತ್ತೆ ಅವಳ ಬೆನ್ನು ಹತ್ತುವುದನ್ನು 2013ರ ತಿದ್ದುಪಡಿಯಿಂದ ನಮ್ಮ ಕಾನೂನು ಅಪರಾಧವೆಂದು ಸಾರಿದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲೂ ಅದು ಇದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸೆರೆ, ಮರುಕಳಿಸಿದರೆ ಐದು ವರ್ಷದವರೆಗೆ. ಕಾನೂನು ಅಪರಾಧವೆಂದದ್ದನ್ನು ಹಾಡು ಪ್ರೇಮವೆನ್ನುತ್ತದೆ. ಹುಡುಗನಿಗೆ ಕಲಮು ಗೊತ್ತಿಲ್ಲ, ಹಾಡು ಗೊತ್ತಿದೆ. 2024ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರು ಕೊಲೆಯಾದರು, ಒಬ್ಬಳು ಕಾಲೇಜಿನ ಆವರಣದಲ್ಲೇ. ಪ್ರೀತಿಯನ್ನು ನಿರಾಕರಿಸಿದ್ದೇ ಕಾರಣವೆಂದು ಪತ್ರಿಕೆಗಳಲ್ಲಿ ಓದಿದೆವು. ಆ ಕೈಗಳಿಗೆ ಚೂರಿ ಕೊಟ್ಟದ್ದು ಹಾಡು ಎಂದು ನಾನು ಹೇಳಲಾರೆ. ಹಾಗೆ ಹೇಳುವುದು ಅನ್ಯಾಯ. ಆದರೆ 'ಬೇಡ' ಎಂಬ ಪದಕ್ಕೆ 'ಬೇಡ' ಎಂದೇ ಅರ್ಥವೆಂಬುದನ್ನು ಒಂದು ಇಡೀ ತಲೆಮಾರಿಗೆ ಮರೆಯಿಸುವ ಕೆಲಸದಲ್ಲಿ ಅದು ಪಾಲುದಾರನೆಂದು ಹೇಳಲು ನನಗೆ ಅಳುಕಿಲ್ಲ.

ನಿಷೇಧ ಬೇಕೇ? 2013ರಲ್ಲಿ ಇಂಗ್ಲಿಷಿನ 'ಬ್ಲರ್ಡ್ ಲೈನ್ಸ್' ಎಂಬ ಹಾಡು ಇಂಥದೇ ಕಾರಣಕ್ಕೆ ವಾದಕ್ಕೆ ಸಿಕ್ಕಾಗ, ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘ ತನ್ನ ಕಟ್ಟಡಗಳಲ್ಲಿ ಅದನ್ನು ಹಾಕಕೂಡದೆಂದಿತು. ಬ್ರಿಟನ್ನಿನ ಇತರ ಸಂಘಗಳೂ ಹಿಂಬಾಲಿಸಿದವು. ಅಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದೇ: ತೀರ್ಮಾನ ಮಾಡಿದ್ದು ಸರಕಾರವಲ್ಲ, ಕುಣಿಯುವ ವಯಸ್ಸಿನವರೇ. ಸರಕಾರದ ಕತ್ತರಿಯನ್ನು ನಾನು ನಂಬೆ. ಇಂದು 'ಖರಾಬು'ವನ್ನು ಕತ್ತರಿಸಿದ ಕೈ ನಾಳೆ ಪಾಡ್ದನವನ್ನೂ ಕತ್ತರಿಸೀತು.

ಆದರೆ ಆರಿಸಿಕೊಳ್ಳುವ ಹಕ್ಕು ನಮಗೂ ಇದೆಯಲ್ಲವೆ? ವಾರ್ಷಿಕೋತ್ಸವಕ್ಕೆ ಹಾಡು ಗೊತ್ತುಮಾಡುವ ಉಪಾಧ್ಯಾಯರು, ಬಸ್ಸಿನಲ್ಲಿ ಹಾಡು ಹಾಕುವ ಚಾಲಕರು, ಮದುವೆಯ ಔತಣಕ್ಕೆ ಡಿಜೆ ಕರೆಸುವ ಯಜಮಾನರು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಹಾಡಿನಲ್ಲಿ ಅವಳ ಮಾತು ಎಲ್ಲಿದೆ? ಇದ್ದರೆ ಎಷ್ಟು ಅಬ್ಬರವಾದರೂ ಆಗಲಿ, ನಾನೂ ಕೂತು ಕೇಳುತ್ತೇನೆ. ಇಲ್ಲದಿದ್ದರೆ ಬೇರೆ ಹಾಡು ಹಾಕಿ. ಕನ್ನಡದಲ್ಲಿ ಹಾಡಿಗೆ ಬರವಿಲ್ಲ.

ಆ ಅಭ್ಯಾಸದ ದಿನ ತರಗತಿ ಮುಗಿದ ಮೇಲೆ ಹುಡುಗನೊಬ್ಬ ಹಿಂದೆ ಉಳಿದು, ಗೇಲಿಯ ಸೋಂಕಿಲ್ಲದೆ ಕೇಳಿದ: "ಹಾಗಾದರೆ ಇಷ್ಟ ಎಂದು ಹೇಳುವುದಾದರೂ ಹೇಗೆ?" ಹತ್ತೊಂಬತ್ತು ವರ್ಷದಲ್ಲಿ ಸಾವಿರ ಪ್ರೇಮಗೀತೆ ಕೇಳಿದವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಈ ಹಾಡುಗಳು ಅವಳ ಮಾತನ್ನು ಕಿತ್ತುಕೊಂಡಂತೆಯೇ ಅವನ ಮಾತನ್ನೂ ಕಿತ್ತುಕೊಂಡಿವೆ. ಬೆನ್ನು ಹತ್ತುವುದೊಂದನ್ನು ಬಿಟ್ಟು ಬೇರೆ ಭಾಷೆ ಅವನಿಗೆ ಉಳಿದಿಲ್ಲ. ಒಂದು ಸಲ ಮರ್ಯಾದೆಯಿಂದ ಹೇಳು, ಆಮೇಲೆ ಸುಮ್ಮನಿದ್ದು ಅವಳ ಉತ್ತರ ಕೇಳು, ಉತ್ತರ ಏನಿದ್ದರೂ ಅದನ್ನು ಒಪ್ಪು ಎಂದೆ. ಇಷ್ಟನ್ನು ರಾಗ ಹಾಕಿ ಹೇಳಬಲ್ಲ ಕವಿ ನಮ್ಮ ಚಿತ್ರರಂಗದಲ್ಲಿ ಇಲ್ಲವೆಂದು ನಾನು ನಂಬಲಾರೆ. ಅಂಥ ಹಾಡು ಬರಲಿ. ಕಂಠಪಾಠ ಮಾಡಿಸುವ ಕೆಲಸ ನನಗಿರಲಿ.