ರಾತ್ರಿ 9ರ ನಕಲು

ಅಭ್ಯಾಸ ಬೋಧನೆಯ ಮೂರನೇ ವಾರ ಪೆನ್‌ಡ್ರೈವ್ ಕೆಟ್ಟು ನನ್ನ 11 ಪಾಠಯೋಜನೆಗಳು ಹೋದವು. ಆಮೇಲೆ ಮನೆಯ ಲ್ಯಾಪ್‌ಟಾಪಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ದಿನಾ ರಾತ್ರಿ 9ಕ್ಕೆ ಆ ಫೋಲ್ಡರ್ ಇನ್ನೊಂದು ಡಿಸ್ಕಿಗೆ ನಕಲಾಗುವಂತೆ ರೋಬೊಕಾಪಿಯ ಒಂದು ಸಾಲು ಬರೆದಿಟ್ಟೆ. ವಾರ ಬಿಟ್ಟು ನೋಡಿದರೆ ನಾಲ್ಕು ದಿನದ ನಕಲೇ ಇಲ್ಲ! ನಮ್ಮೂರಲ್ಲಿ ಆ ಹೊತ್ತಿಗೇ ಕರೆಂಟ್ ಹೋಗುವುದು. ಬ್ಯಾಟರಿಯಲ್ಲಿದ್ದಾಗ ಕೆಲಸ ಶುರು ಮಾಡಬಾರದೆಂಬ ಷರತ್ತಿಗೆ ಅದರಲ್ಲಿ ಮೊದಲೇ ಟಿಕ್ ಬಿದ್ದಿರುತ್ತದೆ. ಅದನ್ನು ತೆಗೆದೆ.

ಪ್ರಾಯೋಗಿಕ ತರಗತಿಯಲ್ಲಿ ಸ್ಲೈಡಿಗೆ ಬಣ್ಣ ಹಚ್ಚುವ ಹೊತ್ತಿನಲ್ಲಿ (ನಾನೂ ಹಚ್ಚಿದ್ದೇನೆ) ಅರ್ಧ ಗಂಟೆ ಇದಕ್ಕೆ ಸಿಗಬೇಕು. ಆದರೆ ಹಳೆಯ ಯೋಜನೆಯ ದಿನಾಂಕವಷ್ಟೇ ಬದಲಿಸಿ ಹೊಸದಾಗಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ನನಗೆ ಒಪ್ಪಿಗೆಯಿಲ್ಲ. ಘರ್ಷಣೆಯ ಪಾಠದಲ್ಲಿ 8ನೇ ತರಗತಿಯ ಮಕ್ಕಳು ಎಲ್ಲಿ ತಡವರಿಸಿದರೆಂಬುದನ್ನು ಅಂದೇ ಸಂಜೆ ಕೈಯಲ್ಲೇ ಬರೆಯುತ್ತೇನೆ.