ಕಪ್ಪು ಶಾಲೆಗೆ, ಸರ್ಟಿಫಿಕೇಟು ಟ್ರಂಕಿಗೆ, ಸೀಟು ಯಾರಿಗೆ?

ಸಿಇಟಿ ಅರ್ಜಿ ತುಂಬುವಾಗ ವಿಶೇಷ ವರ್ಗ ಅಂತ ಒಂದು ಕಾಲಂ ಬರುತ್ತದೆ. ಎನ್‌ಸಿಸಿ, ಸೈನಿಕರ ಮಕ್ಕಳು, ಸ್ಕೌಟ್ಸ್, ಕ್ರೀಡೆ ಎಲ್ಲ ಅದರಲ್ಲೇ. ಸೈಬರ್ ಸೆಂಟರ್‌ನಲ್ಲಿ ಜನ ತುಂಬಿರುತ್ತಾರೆ. ಅರ್ಜಿ ಹಾಕುವ ಹುಡುಗ "ಇದ್ಯಾವುದೂ ಇಲ್ಲ ಅಲ್ವಾ ಅಣ್ಣ?" ಅಂತಾನೆ. ಅಪ್ಪ "ಇಲ್ಲ ಕಣಪ್ಪ" ಅಂತಾನೆ. ಮಗಳು ರಾಷ್ಟ್ರಮಟ್ಟದ ಖೋ ಖೋ ಆಡಿದ ಸರ್ಟಿಫಿಕೇಟು ಊರಿನ ಮನೆಯ ಟ್ರಂಕಿನಲ್ಲಿರುತ್ತದೆ. ಅಲ್ಲಿಗೆ ಆ ಮಗುವಿನ ಕ್ರೀಡಾ ಕೋಟಾ ಮುಗಿಯಿತು.

ಇದು ಅಪ್ಪನ ತಪ್ಪಲ್ಲ, ಸೈಬರ್ ಹುಡುಗನ ತಪ್ಪೂ ಅಲ್ಲ. ವರ್ಷಾನುಗಟ್ಟಲೆ ಅವಳನ್ನು ಶಾಲೆಯ ಹೆಸರಿನಲ್ಲಿ ಆಡಿಸಿದವರಿದ್ದಾರೆ. ಗೆದ್ದ ಕಪ್ಪನ್ನು ಹೆಡ್ ಮಾಸ್ಟರ್ ರೂಮಿನ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡವರಿದ್ದಾರೆ. ಅವರು ಹೇಳಬೇಕಿದ್ದ ಒಂದು ಮಾತನ್ನು ಹೇಳಲಿಲ್ಲ. ನಮ್ಮ ಸಿಟ್ಟು ಇರುವುದು ಇಲ್ಲಿ.

ನಮ್ಮ ಮಕ್ಕಳು ಹತ್ತುವ ಮೆಟ್ಟಿಲು ಎಷ್ಟು ನೋಡಿ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಚಿತ್ರದುರ್ಗ ಜಿಲ್ಲೆ ಸೇರುವುದು ಬೆಂಗಳೂರು ವಿಭಾಗಕ್ಕೆ. ಹೊಸದುರ್ಗದ ಹೊಲದ ಬದುವಿನಲ್ಲಿ ಓಡಿ ಕಲಿತ ಹುಡುಗ, ಹೊಳಲ್ಕೆರೆಯಿಂದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಹುಡುಗಿ, ಸಿಂಥೆಟಿಕ್ ಟ್ರ್ಯಾಕಿನಲ್ಲಿ ಕೋಚ್ ಇಟ್ಟುಕೊಂಡು ಬೆಳೆದವರ ಜೊತೆ ಸೆಣಸಬೇಕು. ಹಾಗೂ ಸೆಣಸಿ ಗೆದ್ದು ಬಂದವರನ್ನು ಒಂದು ಕಾಲಂ ಸೋಲಿಸುತ್ತದೆ ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

"ಎಲ್ಲ ವೆಬ್‌ಸೈಟಿನಲ್ಲಿ ಇದೆಯಲ್ಲ" ಎನ್ನುವ ಉತ್ತರ ನಮಗೆ ಬೇಡ. ಗೊತ್ತಿದ್ದವರು ಮಾತ್ರ ಹುಡುಕಬಲ್ಲ ಮಾಹಿತಿ ಗೊತ್ತಿಲ್ಲದವರಿಗೆ ಇದ್ದೂ ಇಲ್ಲದ ಹಾಗೆ. ಕ್ರೀಡಾ ವಸತಿ ನಿಲಯದ ಆಯ್ಕೆಯ ಸುದ್ದಿ ಪೇಪರಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರುತ್ತದೆ. ಪೇಪರೇ ಬರದ ಹಟ್ಟಿಗೆ ಅದೂ ಇಲ್ಲ.

ಯಾರೂ ಹೇಳದಿದ್ದರೆ ನಾವೇ ಹೇಳುತ್ತೇವೆ, ಕೇಳಿ.

ಸಿಇಟಿಯಲ್ಲಿ ಕ್ರೀಡೆ ಎಂದು ಅರ್ಜಿಯಲ್ಲೇ ಗುರುತು ಹಾಕಬೇಕು. ಆಮೇಲೆ ಕೆಇಎ ಹೇಳಿದ ದಿನ ಮೂಲ ಸರ್ಟಿಫಿಕೇಟುಗಳನ್ನು ಬೆಂಗಳೂರಿಗೆ ಒಯ್ದು ತೋರಿಸಬೇಕು. ಜೆರಾಕ್ಸ್ ನಡೆಯುವುದಿಲ್ಲ. ಸರ್ಟಿಫಿಕೇಟಿನಲ್ಲಿ, ಆಧಾರ್‌ನಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇರಲಿ. ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ.

ಡಿಗ್ರಿಗೆ ಸೇರಿದ ಮೇಲೂ ಬಾಗಿಲು ಮುಚ್ಚುವುದಿಲ್ಲ. ನಮ್ಮ ಜಿಲ್ಲೆಯ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ತಂಡದಲ್ಲಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದರೆ ಕೇಂದ್ರ ಸರ್ಕಾರದ ಕ್ರೀಡಾ ನೇಮಕಾತಿಗೆ ಫಾರಂ 3 ಸಿಗುತ್ತದೆ. ರಾಜ್ಯದ ಶಾಲಾ ತಂಡದಲ್ಲಿ ರಾಷ್ಟ್ರೀಯ ಕೂಟ ಆಡಿದವರಿಗೆ ಫಾರಂ 4. ಈ ಫಾರಂನ ಹೆಸರನ್ನೇ ಕೇಳದ ಆಟಗಾರರು ಎಷ್ಟು ಮಂದಿ! ಅಷ್ಟೇಕೆ, ಮದ್ರಾಸ್ ಐಐಟಿ ಕೂಡ 2024ರಿಂದ ಪ್ರತಿ ಬಿಟೆಕ್ ಕೋರ್ಸಿನಲ್ಲಿ ಕ್ರೀಡಾಪಟುಗಳಿಗೆ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಒಂದು ಹುಡುಗಿಯರಿಗೇ. ಜೆಇಇ ಅಡ್ವಾನ್ಸ್ಡ್ ಪಾಸಾಗಬೇಕು ಎನ್ನುವುದು ನಿಜ. ಆದರೆ ಆಟ ಓದನ್ನು ಹಾಳು ಮಾಡುತ್ತದೆ ಎನ್ನುವವರಿಗೆ ಇದನ್ನು ತೋರಿಸಿ.

ಈ ಕತ್ತಲೆಯಲ್ಲಿ ವ್ಯಾಪಾರ ಮಾಡುವವರೂ ಇದ್ದಾರೆ. "ನ್ಯಾಷನಲ್ ಆಡಿಸ್ತೀವಿ, ಇಷ್ಟು ಸಾವಿರ ಕಟ್ಟಿ" ಅಂತಾರೆ. ಬಣ್ಣಬಣ್ಣದ ಜೆರ್ಸಿ, ಮೆಡಲ್, ಸರ್ಟಿಫಿಕೇಟ್ ಎಲ್ಲ ಬರುತ್ತದೆ, ಆದರೆ ಯಾವ ಕೌಂಟರಿನಲ್ಲೂ ಅದಕ್ಕೆ ಬೆಲೆಯಿಲ್ಲ. ದುಡ್ಡು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಸಂಸ್ಥೆಗೆ ಕೇಂದ್ರ ಕ್ರೀಡಾ ಸಚಿವಾಲಯದ ಮಾನ್ಯತೆ ಇದೆಯಾ? ಉತ್ತರ ತಡವರಿಸಿದರೆ ಎದ್ದು ಬನ್ನಿ.

"ಫ್ರೀ ಸೀಟು, ಫ್ರೀ ಹಾಸ್ಟೆಲ್" ಅಂತ ಕೂಟಕ್ಕೇ ಬಂದು ಮಕ್ಕಳನ್ನು ಆರಿಸುವ ಕಾಲೇಜುಗಳಿವೆ. ಕೆಲವು ನಿಜಕ್ಕೂ ಮಕ್ಕಳನ್ನು ಸಾಕಿ ಬೆಳೆಸಿವೆ. ಆದರೂ ಮಾತು ಕಾಗದದಲ್ಲಿರಲಿ. ಯಾವ ಫೀಸು ಮಾಫಿ, ಊಟ ಸೇರಿದೆಯಾ, ಮಂಡಿಗೆ ಪೆಟ್ಟಾಗಿ ಒಂದು ವರ್ಷ ಆಡದಿದ್ದರೆ ಏನು? ಈ ಮೂರನೆಯ ಪ್ರಶ್ನೆಗೆ ಉತ್ತರ ಬರೆದು ಕೊಡದ ಕಾಲೇಜಿಗೆ ಮಗು ಬೇಕಿಲ್ಲ, ಮಂಡಿ ಮಾತ್ರ ಬೇಕು. ಮೂಲ ಮಾರ್ಕ್ಸ್ ಕಾರ್ಡನ್ನು ಒತ್ತೆ ಇಡಬೇಡಿ. ಹಾಗೆ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಆಟ ಆಡಿದರೆ ಹೊಟ್ಟೆ ತುಂಬುತ್ತಾ ಅಂತ ಕೇಳುವ ಅಪ್ಪ ಅಮ್ಮಂದಿರನ್ನು ನಾವು ಬೈಯುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಎರಡೂ ತಂಡ ಗೆದ್ದವು. ತಂಡಗಳಲ್ಲಿದ್ದ ನಮ್ಮ ರಾಜ್ಯದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಅವರಿಗೆ ಸರ್ಕಾರ ತಲಾ ಐದು ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಟ್ಟಲೆ ಹಣ, ಕೆಲಸ ಕೊಡುವಾಗ ಇದು ಯಾವ ಲೆಕ್ಕ ಅಂತ ಇಬ್ಬರೂ ಅದನ್ನು ಬೇಡವೆಂದರು. ವಿಶ್ವಕಪ್ ಗೆದ್ದವರೇ ಹೀಗೆ ಕೇಳಬೇಕಾದ ರಾಜ್ಯದಲ್ಲಿ ತಾಲ್ಲೂಕು ಗೆದ್ದ ಮಗುವಿನ ಅಪ್ಪ ಹೆದರುವುದು ಸಹಜ. ಹೆದರಿಕೆ ಹೋಗಬೇಕಾದರೆ ಸೀಟು, ಕೆಲಸ ಕಣ್ಣಿಗೆ ಕಾಣಬೇಕು.

ನಮ್ಮ ಬೇಡಿಕೆಗೆ ಬಜೆಟ್ ಬೇಡ. ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ, ಚಿತ್ರದುರ್ಗದ ಪ್ರತಿ ಹೈಸ್ಕೂಲು, ಪಿಯು ಕಾಲೇಜಿನ ಗೋಡೆ ಮೇಲೆ ಯಾವ ಸರ್ಟಿಫಿಕೇಟಿಗೆ ಯಾವ ಕೋಟಾ, ಅರ್ಜಿ ಯಾವಾಗ ಎಂದು ಕನ್ನಡದಲ್ಲಿ ಒಂದು ಬೋರ್ಡು ಬರೆಸಿ. ಸಿಇಟಿ ಅರ್ಜಿ ಶುರುವಾದ ವಾರ ತಾಲ್ಲೂಕಿನಿಂದ ಆಚೆ ಆಡಿದ ಮಕ್ಕಳ ಪಟ್ಟಿ ಹಿಡಿದು ಬಿಇಒ ಕಚೇರಿ ಒಬ್ಬೊಬ್ಬರ ಮನೆಗೂ ಫೋನು ಮಾಡಲಿ. ಆ ಪಟ್ಟಿ ಕಚೇರಿಯಲ್ಲೇ ಇದೆ, ಮಕ್ಕಳನ್ನು ಕೂಟಕ್ಕೆ ಕಳಿಸಿದ್ದೇ ಅವರು.

ನಿಮ್ಮ ಊರಿನ ಶಾಲೆಯ ಎಸ್‌ಡಿಎಂಸಿ ಸಭೆ ಮುಂದೆ ಯಾವಾಗ ಕೂತರೂ ಈ ಬೋರ್ಡಿನ ಮಾತು ಎತ್ತಿ. ಕಪ್ಪು ಶಾಲೆಯಲ್ಲೇ ಇರಲಿ, ಬೇಡ ಅನ್ನುವುದಿಲ್ಲ. ಸರ್ಟಿಫಿಕೇಟು ಮಾತ್ರ ಟ್ರಂಕಿನಿಂದ ಹೊರಗೆ ಬರಲಿ.